ಹವ್ಯಾಸದ ಛಾಯಾಗ್ರಾಹಕನಿಗೊಂದು ವ್ರತ

ಚಿತ್ರ ತೆಗೆಯುವ ಸಾಧನವು ಇಂದು ಮನೆಮನೆಯಲ್ಲಿಯೂ ಉಂಟು. ಜಾತ್ರೆಗೆ ಹೋದರೆ ನೂರು, ಮದುವೆಗೆ ಹೋದರೆ ಸಾವಿರ ಎಂಬಂತೆ ಚಿತ್ರಗಳು ಮೊಬೈಲಿನೊಳಗೆ ರಾಶಿ ಬೀಳುತ್ತಿರುವುವು. ಆದರೆ ಹವ್ಯಾಸಿಯೊಬ್ಬನನ್ನು ಕರೆದು, ‘ಹೋದ ವರುಷಕ್ಕಿಂತ ಈ ವರುಷ ನಿಮ್ಮ ಕೈ ಎಷ್ಟು ಪಳಗಿತು?’ ಎಂದು ಕೇಳಿದರೆ ಉತ್ತರವು ಸುಲಭವಾಗಿ ಬಾರದು. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಣ್ಣು ಹರಿತವಾಗುವುದಿಲ್ಲವಷ್ಟೆ. ಅದಕ್ಕೊಂದು ಗುರಿ ಬೇಕು. ಅದೂ ಸಣ್ಣ ಗುರಿಯಾಗಿರಬೇಕು.

ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೋ ಎಂಬಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದನು. 1865ರಲ್ಲಿ ಹುಟ್ಟಿದ ಈತನಿಗೆ ಹೊಲ, ಹೈನುಗಳೇ ಜೀವನೋಪಾಯ. ಆದರೆ ಹಿಮದ ಹರಳುಗಳ ಮೇಲೆ ತೀರದ ಮೋಹ. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಮೊದಲು ಕೈಯಿಂದ ಬರೆಯಹೋದನು. ಬರೆದು ಮುಗಿಯುವುದರೊಳಗೆ ಹರಳು ಕರಗಿಹೋಗುತ್ತಿದ್ದಿತು. ಕಡೆಗೆ ಆ ಯಂತ್ರಕ್ಕೆ ಕ್ಯಾಮರಾವನ್ನು ಜೋಡಿಸಿ, 1885ರ ಜನವರಿ 15ರಂದು ಮೊದಲ ಹರಳನ್ನು ಚಿತ್ರದಲ್ಲಿ ಹಿಡಿದನು. ಆಗ ಅವನ ವಯಸ್ಸು 19. ಬೆಂಕಿಯಿಲ್ಲದ ಕೊಠಡಿಯಲ್ಲಿ ನಿಂತು, ಕಪ್ಪು ಹಲಗೆಯ ಮೇಲೆ ಹಿಮವನ್ನು ಹಿಡಿದು, ಸಣ್ಣ ಕಡ್ಡಿಯಿಂದ ಹರಳನ್ನೆತ್ತಿ, ಹಕ್ಕಿಯ ಗರಿಯಿಂದ ಗಾಜಿಗೆ ಮೆಲ್ಲನೆ ಒತ್ತಿ, ಉಸಿರಿನ ಬಿಸಿ ತಾಕದಂತೆ ಉಸಿರನ್ನೇ ಬಿಗಿಹಿಡಿದು ಮಾಡಿದ ಕೆಲಸವಿದು! ನೆರೆಹೊರೆಯವರಿಗೆ ಇದು ಮರುಳಾಟವಾಗಿ ತೋರಿತು. 1931ರಲ್ಲಿ ತೀರಿಕೊಳ್ಳುವ ವೇಳೆಗೆ ಅವನ ಬಳಿ 5000ಕ್ಕೂ ಮಿಕ್ಕ ಚಿತ್ರಗಳಿದ್ದುವು.

ಪ್ರಾಗ್ ನಗರದ ಯೋಸೆಫ್ ಸುಡೆಕನು ವೃತ್ತಿಯಿಂದಲೇ ಛಾಯಾಗ್ರಾಹಕ. ಮೊದಲ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ಆತನು 1940ರಿಂದ 1954ರವರೆಗೆ ತನ್ನ ಕೊಠಡಿಯ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದನು.

ನಮ್ಮ ಮನೆಗಳಲ್ಲಿ ಹಿಮವಿಲ್ಲ, ಕಿಟಕಿಯಂತೂ ಇದೆ. ‘ಈ ವರುಷ ಚೆನ್ನಾಗಿ ಚಿತ್ರ ತೆಗೆಯುವೆನು’ ಎಂದು ಯುಗಾದಿಯಂದು ಮಾಡಿದ ಸಂಕಲ್ಪವು ನಾಗರಪಂಚಮಿಯ ಹೊತ್ತಿಗೆ ಮರೆತುಹೋಗುವುದು. ಹೊಸ ಲೆನ್ಸು ಕೊಳ್ಳುವುದು ಸಂಕಲ್ಪವೇ ಅಲ್ಲ, ಖರ್ಚು. ಅದರ ಬದಲು ಹೀಗೆ ಗೊತ್ತುಮಾಡಿಕೊಳ್ಳಬಹುದು: ಪ್ರತಿ ಭಾನುವಾರ ಬೆಳಿಗ್ಗೆ, ಅಡಿಗೆಯ ಮನೆಯ ಕಿಟಕಿಯ ಬೆಳಕಿನಲ್ಲಿ, ಅಜ್ಜಿಯ ಕೈಗಳನ್ನು ಮಾತ್ರ ತೆಗೆಯುವುದು, ಫ್ಲಾಷ್ ಕೂಡದು, ವರುಷದ ಕೊನೆಗೆ 12 ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸುವುದು.

ಮೂರು ವಾರ ಉತ್ಸಾಹವಿರುವುದು. ನಾಲ್ಕನೆಯ ವಾರ ಬೇಸರ ಬರುವುದು. ಕಲಿಕೆಯು ಅಲ್ಲಿಂದ ಆರಂಭ. ಆಷಾಢದ ಮೋಡದ ಬೆಳಕಿನಲ್ಲಿ ನೆರಳು ಮೃದುವಾಗಿ ಕರಗುವುದನ್ನೂ, ಮಾಘದ ಓರೆ ಬಿಸಿಲಿನಲ್ಲಿ ಒಂದೊಂದು ಸುಕ್ಕೂ ಎದ್ದು ಕಾಣುವುದನ್ನೂ ಆಗ ಗಮನಿಸುವೆವು. ಪಕ್ಕದಲ್ಲಿ ಥಳಥಳಿಸುವ ಸ್ಟೀಲಿನ ಪಾತ್ರೆಯಿದ್ದರೆ ಕ್ಯಾಮರಾ ಅದರ ಹೊಳಪಿಗೆ ಮೋಸಹೋಗಿ ಕೈಗಳನ್ನು ಕಪ್ಪಾಗಿಸುವುದು. ಬೆಳಕಿನ ಅಳತೆಯನ್ನು ಒಂದು ಮೆಟ್ಟಿಲು ಏರಿಸಬೇಕು. ಮಜ್ಜಿಗೆ ಕಡೆಯುವ ಕೈ 1/250 ಸೆಕೆಂಡಿಗೆ ಕಲ್ಲಿನಂತೆ ನಿಲ್ಲುವುದು, 1/15ಕ್ಕೆ ಹರಿಯುವ ಗೆರೆಯಾಗುವುದು. ಎರಡರಲ್ಲಿ ಯಾವುದು ಬೇಕೆಂಬುದನ್ನು ಯಂತ್ರವು ಹೇಳಲಾರದು.

ಆ ಕೈಗಳಾದರೂ ಎಷ್ಟು ಯುಗಾದಿಗಳವರೆಗೆ ನಮ್ಮ ಪಾಲಿಗಿರುವುವೋ ಯಾರು ಬಲ್ಲರು? ಆದುದರಿಂದ ಮುಂದಿನ ಭಾನುವಾರವೇ ಮೊದಲಿಡುವುದು ಲೇಸು. 52 ವಾರಗಳ ಚಿತ್ರಗಳಲ್ಲಿ 12ನ್ನು ಆರಿಸುವಾಗ ಅಜ್ಜಿಯವರನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಬೇಕು. ಕಣಕವನ್ನು ನಿಜವಾಗಿ ನಾದುತ್ತಿದ್ದ ಕೈ ಯಾವುದು, ಮೊಮ್ಮಗನ ಚಿತ್ರಕ್ಕೆಂದು ಸುಮ್ಮನೆ ನಟಿಸಿದ ಕೈ ಯಾವುದು ಎಂಬುದನ್ನು ಅವರು ನೋಡಿದೊಡನೆಯೇ ಹೇಳಿಬಿಡುವರು.