ಕೆರಗೋಡು: ಕೆರೆ ನೀರಿನ ನಾಡು

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆರಗೋಡಿನ ಹೆಸರು ಸಾವಿರದ ಮುನ್ನೂರು ವರ್ಷಗಳ ಹಿಂದಿನ ತಾಮ್ರಶಾಸನದಲ್ಲೇ ಸಿಗುತ್ತದೆ. ಹಲ್ಲೆಗೆರೆಯಲ್ಲಿ ದೊರೆತ, ಗಂಗ ದೊರೆ ಒಂದನೆಯ ಶಿವಮಾರನ ಕ್ರಿ.ಶ. 713ರ ಈ ಶಾಸನದಲ್ಲಿ ‘ಕೆರೆಗೋಡು ವಿಷಯ’ (ವಿಷಯವೆಂದರೆ ಆಡಳಿತ ವಿಭಾಗ)ದ ಉಲ್ಲೇಖವಿದೆ. ಅಂದರೆ ಆಗಲೇ ಇದು ಸುತ್ತಲಿನ ಸೀಮೆಗೆ ಹೆಸರು ಕೊಟ್ಟ ಊರು. ಕಿಳಿನಿ ಹೊಳೆಗೆ ಕಟ್ಟೆ ಹಾಕಿದ ಸಂಗತಿಯೂ ಅದೇ ಶಾಸನದಲ್ಲಿದೆ. ಅರಸರ ಬಿರುದುಗಳಿಗಿಂತ ಈ ಒಂದು ವಿವರ ಅಮೂಲ್ಯ. ಇಲ್ಲಿನ ಬೇಸಾಯದ ಬುಡ ಎಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ.

ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಕೆಂಪು ನೆಲದ ಸೀಮೆ ಇದು. ಹೊಲದಲ್ಲಿ ರಾಗಿ, ಹುರುಳಿ ಬೆಳೆಯಬಹುದು. ಭತ್ತಕ್ಕೆ ಕೆರೆಯೇ ಬೇಕಿತ್ತು. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಹೆಚ್ಚಾದ ನೀರಿಗೆ ಕೋಡಿ ಬಿಟ್ಟು, ಒಳಮಗ್ಗುಲಲ್ಲಿ ಕಲ್ಲುಕಂಬಗಳ ತೂಬು ನಿಲ್ಲಿಸುತ್ತಿದ್ದರು. ತೂಬಿನ ಗೂಟ ಎತ್ತಿದರೆ ಏರಿಯ ಬುಡದ ಕಾಲುವೆಗೆ ನೀರು ಹರಿಯುತ್ತಿತ್ತು. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಒಕ್ಕಣೆಯ ಹೊತ್ತಿಗೆ ರೈತರು ಕಣದಲ್ಲೇ ಅವನ ಪಾಲಿನ ಕಾಳು ಅಳೆದುಕೊಡುತ್ತಿದ್ದರು.

ಕೆರೆಯ ಕೆಳಗಿನ ಗದ್ದೆಗೆ ಎಂಥ ಬೆಲೆಯಿತ್ತು ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರು ಸಾಕ್ಷಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಮಣಲೇರ ಎಂಬ ವೀರ ಅಲ್ಲಿ ಕಲ್ಲು ನಿಲ್ಲಿಸಿದ. ಸುಮಾರು ಕ್ರಿ.ಶ. 950ರ ಆ ಶಾಸನ ಚೋಳರೊಡನೆ ನಡೆದ ತಕ್ಕೋಲದ ಯುದ್ಧವನ್ನೂ ನೆನೆಯುತ್ತದೆ. ಕಲ್ಲಿನ ಪೂಜೆಗೆ ಬಿಟ್ಟದ್ದು ಹೊನ್ನಲ್ಲ, ಊರ ದೊಡ್ಡ ಕೆರೆಯ ಕೆಳಗಿನ ಎರಡು ಖಂಡುಗ ಭೂಮಿ.

ಗಂಗರ ನಂತರ ಚೋಳರು, ಆಮೇಲೆ ಹೊಯ್ಸಳರು ಈ ನಾಡನ್ನು ಆಳಿದರು. ಕೆರಗೋಡಿನಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ. ಸಮೀಪದ ಬಸರಾಳಿನಲ್ಲಿ 1234ರಲ್ಲಿ ಹೊಯ್ಸಳರ ಹರಿಹರ ದಣ್ಣಾಯಕ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದ.

ಈ ಸೀಮೆಯ ಬೇಸಾಯದ ಚಹರೆ ಬದಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅಲ್ಲಿಂದ ಹುಲಿಕೆರೆಯ ಬಳಿ ಗುಡ್ಡ ಕೊರೆದು ತಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಮಂಡ್ಯ ಸೀಮೆಯ ರಾಗಿ ಹೊಲಗಳಿಗೆ ಕಾವೇರಿಯನ್ನು ಹರಿಸಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕಬ್ಬಿನ ಬೆಳೆಗೆ ಒತ್ತಾಸೆಯಾದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಕಾರ್ಖಾನೆಯ ಜೊತೆಯಲ್ಲೇ ಬೆಲ್ಲದ ಆಲೆಮನೆಗಳೂ ಉಳಿದುಕೊಂಡವು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾದಾಗ ಕೆರಗೋಡು ಹೊಸ ಜಿಲ್ಲೆಗೆ ಸೇರಿತು.