ಎಚ್ಚರದಿಂದ ನೇರ ಕನಸಿಗೆ: ನಂಬಿಕೆ ಯಾವುದು, ನಿಜ ಯಾವುದು?

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ; ಅರಿವಿನ ಕನಸು ಎನ್ನಬಹುದು. ಈ ಹೆಸರನ್ನು 1913ರಲ್ಲಿ ಚಾಲ್ತಿಗೆ ತಂದವರು ಡಚ್ ಲೇಖಕ, ಮನೋವೈದ್ಯ ಫ್ರೆಡರಿಕ್ ವ್ಯಾನ್ ಈಡನ್. ಸಾಮಾನ್ಯವಾಗಿ ಈ ಅರಿವು ಕನಸಿನ ನಡುವೆ, ತಲೆಬುಡವಿಲ್ಲದ ಏನನ್ನೋ ಕಂಡಾಗ ಮೂಡುತ್ತದೆ. ಇನ್ನೊಂದು ಬಗೆಯೂ ಇದೆ: ಅರಿವಿನ ಎಳೆ ಕಡಿಯದಂತೆ ಎಚ್ಚರದಿಂದ ನೇರವಾಗಿ ಕನಸಿಗೆ ಇಳಿಯುವುದು. ‘ವೈಲ್ಡ್’ ಎಂದು ಇದಕ್ಕೆ ಅಡ್ಡಹೆಸರು. ಕಲಿಯಬಹುದಾದ ವಿದ್ಯೆಯೇ ಹೌದು. ಆದರೆ ಇದರ ಬಗ್ಗೆ ಹಬ್ಬಿರುವ ಮಾತುಗಳಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು.

ನಂಬಿಕೆ 1: ಇದೆಲ್ಲ ಅರೆನಿದ್ದೆಯ ಭ್ರಮೆ, ಸಾಬೀತಾಗಿಲ್ಲ.

ನಿಜ: ಸಾಬೀತಾಗಿ ಐವತ್ತು ವರ್ಷಗಳೇ ಆಗಿವೆ. ಕನಸು ದಟ್ಟವಾಗಿ ಬೀಳುವ ರೆಮ್ ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ಅಲುಗದಂತಾಗುತ್ತವೆ, ಆದರೆ ಕಣ್ಣುಗುಡ್ಡೆಗಳು ಓಡಾಡುತ್ತಲೇ ಇರುತ್ತವೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಬಳಸಿಕೊಂಡರು. ಕನಸೆಂದು ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಬೇಕೆಂದೇ ಹೊರಳಿಸಬೇಕು ಎಂದು ಅಲನ್ ವರ್ಸ್ಲಿ ಎಂಬುವರ ಜೊತೆ ಮೊದಲೇ ಮಾತಾಗಿತ್ತು. 1975ರ ಏಪ್ರಿಲ್‌ನ ಒಂದು ಬೆಳಿಗ್ಗೆ, ವರ್ಸ್ಲಿ ರೆಮ್ ನಿದ್ರೆಯಲ್ಲಿದ್ದಾಗಲೇ, ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಕಾಗದದ ಮೇಲೆ ಆ ಸಂಕೇತ ಮೂಡಿತು. ಇದರ ಅರಿವಿಲ್ಲದೆಯೇ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಅದೇ ವಿಧಾನದಲ್ಲಿ ಪ್ರಯೋಗ ಮಾಡಿ 1981ರಲ್ಲಿ ಪ್ರಕಟಿಸಿದರು. 2021ರ ಹೊತ್ತಿಗೆ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ನ ಪ್ರಯೋಗಾಲಯಗಳಲ್ಲಿ ಸಂಶೋಧಕರು ಕನಸಿನಲ್ಲಿದ್ದವರಿಗೆ ಸಣ್ಣ ಲೆಕ್ಕ ಕೇಳಿ, ಕಣ್ಣಿನ ಚಲನೆಯಲ್ಲಿ ಉತ್ತರ ಪಡೆದದ್ದೂ ಆಯಿತು. ಎಲ್ಲರೂ ಪ್ರತಿಸಲ ಸರಿಯುತ್ತರ ಕೊಡಲಿಲ್ಲ, ಆದರೆ ಕೊಟ್ಟವರಿದ್ದರು.

ನಂಬಿಕೆ 2: ರಾತ್ರಿ ದಿಂಬಿಗೆ ತಲೆಯಿಟ್ಟು ಮನಸ್ಸನ್ನು ಬಿಗಿಹಿಡಿದರೆ ಸಾಕು.

ನಿಜ: ಹೆಚ್ಚಿನವರು ಸೋಲುವುದು ಇಲ್ಲೇ. ಆರೋಗ್ಯವಂತರ ನಿದ್ರೆ ರೆಮ್‌ನಿಂದ ಶುರುವಾಗುವುದಿಲ್ಲ. ಮೊದಲು ಗಾಢ ನಿದ್ರೆ, ಸುಮಾರು 90 ನಿಮಿಷವಾದ ಮೇಲೆ ಮೊದಲ ರೆಮ್, ಅದೂ ಕೆಲವೇ ನಿಮಿಷ. ರಾತ್ರಿ ಕಳೆದಂತೆ ರೆಮ್ ಉದ್ದವಾಗುತ್ತದೆ. ಅದರ ದೊಡ್ಡ ಪಾಲು ಸಿಗುವುದು ಬೆಳಗಿನ ಜಾವ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ನಿಜವಾಗುತ್ತದೆ ಎನ್ನಲು ಆಧಾರವಿಲ್ಲ; ಆದರೆ ಆ ಹೊತ್ತಿನ ಕನಸು ಹೆಚ್ಚು ಸ್ಪಷ್ಟವಾಗಿದ್ದು, ಎದ್ದ ಮೇಲೂ ನೆನಪಿನಲ್ಲಿ ಉಳಿಯುವುದಕ್ಕೆ ಕಾರಣ ಇದೇ.

ಹಾಗಾಗಿ ಅಭ್ಯಾಸಿಗಳು ನಾಲ್ಕೂವರೆಯಿಂದ ಆರು ಗಂಟೆ ನಿದ್ರೆ ಮಾಡಿ, ಎದ್ದು, ಅರ್ಧ ಗಂಟೆ ಮಂದ ಬೆಳಕಿನಲ್ಲಿ ಕಳೆದು ಮತ್ತೆ ಮಲಗುತ್ತಾರೆ. ಆಗ ನಿದ್ರೆ ಬೇಗ ರೆಮ್‌ಗೆ ಮರಳುತ್ತದೆ. ಲಾಬರ್ಜ್ ಅವರ ದಾಖಲೆಗಳಲ್ಲೂ ಎಚ್ಚರದಿಂದ ನೇರ ಹೊಕ್ಕ ಕನಸುಗಳು ಬಂದದ್ದು ಬಹುತೇಕ ರೆಮ್ ನಡುವೆ ಒಂದು ಗಳಿಗೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಿದಾಗ. ಈ ವಿದ್ಯೆಯಲ್ಲಿ ಮನೋಬಲಕ್ಕಿಂತ ಗಡಿಯಾರ ಮುಖ್ಯ.

ನಂಬಿಕೆ 3: ಎಂಜಲು ಕೂಡ ನುಂಗದೆ ಕಲ್ಲಿನಂತೆ ಬಿದ್ದಿರಬೇಕು.

ನಿಜ: ನುಂಗಿದರೆ, ಮೂಗು ಕೆರೆದುಕೊಂಡರೆ ಆಗಬಾರದ್ದೇನೂ ಆಗುವುದಿಲ್ಲ. ಪದೇಪದೇ ಹೊರಳಾಡದಿದ್ದರೆ ಸಾಕು. ‘ಅಲುಗಬಾರದು’ ಎಂದು ಕಾವಲು ಕೂತ ಮನಸ್ಸಿಗೆ ನಿದ್ರೆಯೇ ಬರುವುದಿಲ್ಲ. ಲಾಬರ್ಜ್ ಹೇಳಿಕೊಟ್ಟ ಒಂದು ಸರಳ ದಾರಿ ಎಣಿಕೆಯದು: ‘ಒಂದು, ಇದು ಕನಸು, ಎರಡು, ಇದು ಕನಸು’ ಎನ್ನುತ್ತ ಹೋಗುವುದು. ಕೆಲವು ನಿಮಿಷಗಳಲ್ಲಿ ಮುಚ್ಚಿದ ಕಣ್ಣೊಳಗೆ ಬಣ್ಣದ ಚುಕ್ಕೆಗಳು, ಗೆರೆಗಳು ಕದಲುತ್ತವೆ. ಅವು ಕೂಡಿ ಒಂದು ಮುಖ, ಒಂದು ಓಣಿ ಕಾಣಬಹುದು. ಯಾರೋ ಹೆಸರು ಕೂಗಿದಂತೆ, ಕಿವಿಯಲ್ಲಿ ಗುಂಯ್ ಎಂದಂತೆ, ಮೈ ತೇಲಿದಂತೆ ಅನಿಸಬಹುದು. ಇದು ನಿದ್ರೆಯ ಹೊಸ್ತಿಲು. ಚಿತ್ರದ ಬೆನ್ನುಹತ್ತಿ ಹೋದರೆ ಅದು ಚದುರುತ್ತದೆ. ಸುಮ್ಮನೆ ನೋಡುತ್ತಿದ್ದರೆ ಅದೇ ಸುತ್ತಲ ಜಗತ್ತಾಗುತ್ತದೆ. ಎಣಿಕೆ ಮಧ್ಯದಲ್ಲೇ ಕಳೆದುಹೋಗಿ ನಿದ್ದೆ ಹತ್ತುವುದೇ ಹೆಚ್ಚು. ಅದರಿಂದ ನಷ್ಟವೇನಿಲ್ಲ.

ನಂಬಿಕೆ 4: ಮೈ ಮರಗಟ್ಟಿ, ಎದೆಯ ಮೇಲೆ ದೆವ್ವ ಕೂತಂತಾದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ.

ನಿಜ: ಎಚ್ಚರ ಮರಳಿದರೂ ರೆಮ್‌ನ ಸ್ನಾಯು ಸಡಿಲಿಕೆ ಇನ್ನೂ ಬಿಟ್ಟಿರದಿದ್ದರೆ ಹೀಗಾಗುತ್ತದೆ. ಇದು ಸ್ಲೀಪ್ ಪ್ಯಾರಾಲಿಸಿಸ್. ಅರಿವಿನ ಕನಸಿನ ಗೋಜಿಗೇ ಹೋಗದವರಿಗೂ ಆಗುತ್ತದೆ: 2011ರ ಒಂದು ಸಮೀಕ್ಷಾ ಅಧ್ಯಯನದ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದವರು ಶೇ 7.6ರಷ್ಟು. ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಆಗಲೂ ಕೆಲಸ ಮಾಡುತ್ತಿರುತ್ತದೆ. ಉಸಿರು ಕಟ್ಟಿದಂತೆ ಅನಿಸುತ್ತದೆ, ಕಟ್ಟುವುದಿಲ್ಲ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ. ಕನಸಿಗೆ ಇಳಿಯಲು ಇದು ಆಗಲೇಬೇಕೆಂಬ ನಿಯಮವೂ ಇಲ್ಲ. ಆದರೆ ನಿದ್ರೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಹೆಚ್ಚು.

ನಂಬಿಕೆ 5: ಆತ್ಮ ದೇಹ ಬಿಟ್ಟು ಸಂಚಾರ ಹೋಗುತ್ತದೆ.

ನಿಜ: ಮೈಯಿಂದ ಎದ್ದು ತೇಲಿದ ಅನುಭವ ಸುಳ್ಳಲ್ಲ, ನೇರ ಪ್ರವೇಶದಲ್ಲಿ ಅದು ಆಗುವುದುಂಟು. ಆದರೆ ಮೈ ಹಾಸಿಗೆಯಲ್ಲಿದೆ ಎಂಬ ಸುದ್ದಿ ಮಿದುಳಿಗೆ ತಲುಪದಿದ್ದಾಗ ಮಿದುಳೇ ಇನ್ನೊಂದು ಮೈಯನ್ನು ಕಲ್ಪಿಸಿಕೊಳ್ಳುತ್ತದೆ ಎಂಬುದು ನಿದ್ರಾ ಸಂಶೋಧಕರ ವಿವರಣೆ. ಕನಸಿನಲ್ಲಿ ಅರಿವು ಉಳಿಸಿಕೊಳ್ಳುವ ಟಿಬೆಟನ್ ಬೌದ್ಧರ ಸ್ವಪ್ನಯೋಗದ ಗುರಿಯೂ ಆತ್ಮಸಂಚಾರವಲ್ಲ: ಕನಸು ಹೇಗೆ ಮನಸ್ಸಿನ ಸೃಷ್ಟಿಯೋ ಎಚ್ಚರದ ಲೋಕವೂ ಹಾಗೆಯೇ ಎಂದು ಕಾಣುವುದು. ಅದನ್ನು ಮನರಂಜನೆಯ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ನಂಬಿಕೆ 6: ನೇರ ಪ್ರವೇಶವೇ ಎಲ್ಲಕ್ಕಿಂತ ಖಚಿತ ದಾರಿ.

ನಿಜ: ಲಾಬರ್ಜ್ ತಂಡ ಪ್ರಯೋಗಾಲಯದಲ್ಲಿ ವಿಶ್ಲೇಷಿಸಿದ 76 ಅರಿವಿನ ಕನಸುಗಳಲ್ಲಿ 55 ಕನಸಿನ ಮಧ್ಯೆಯೇ ಅರಿವು ಮೂಡಿದವು, ಎಚ್ಚರದಿಂದ ನೇರವಾಗಿ ಹೊಕ್ಕದ್ದು 21 ಮಾತ್ರ. ಹೊಸಬರಿಗೆ ಸುಲಭವಾದದ್ದು ಜಾವದಲ್ಲಿ ಎದ್ದು ಮತ್ತೆ ಮಲಗುವಾಗ ‘ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಸಂಕಲ್ಪ ಮಾಡಿ, ಆಮೇಲೆ ಎಂದಿನಂತೆ ನಿದ್ರೆಗೆ ಜಾರುವುದು.

ನಂಬಿಕೆ 7: ದಿನವೂ ಮಾಡಿದರೂ ತೊಂದರೆಯಿಲ್ಲ.

ನಿಜ: ತೊಂದರೆ ಕನಸಿನಿಂದಲ್ಲ, ಕತ್ತರಿಸಿದ ನಿದ್ರೆಯಿಂದ. ಪ್ರತಿರಾತ್ರಿ ಅಲಾರಂ ಇಟ್ಟು ಎದ್ದರೆ ಹಗಲಿನ ಏಕಾಗ್ರತೆ, ಮನಸ್ಥಿತಿ ಎರಡೂ ಕೆಡುತ್ತವೆ. ಮನೋವಿಕಲ್ಪದ ಕಾಯಿಲೆ, ತೀವ್ರ ಆತಂಕ, ನಿದ್ರಾಹೀನತೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಉಳಿದವರು ಮರುದಿನ ರಜೆಯಿದ್ದಾಗ, ವಾಹನ ಓಡಿಸುವ ಕೆಲಸವಿಲ್ಲದಾಗ ಪ್ರಯತ್ನಿಸಿ. ಎರಡು ವಾರ ಏನೂ ಆಗದಿದ್ದರೆ ಬಿಟ್ಟುಬಿಡಿ. ಅರಿವಿನ ಕನಸು ಕಾಣದೆ ಯಾರಿಗೂ ಏನೂ ಕೊರತೆಯಾಗಿಲ್ಲ; ನಿದ್ದೆಗೆಟ್ಟರೆ ಖಂಡಿತ ಆಗುತ್ತದೆ.