ಅಟ್ಟದಲ್ಲಿ ಸೌತೆ ಇದ್ದರೆ ಆಟಿಗೆ ಹೆದರಿಕೆಯಿಲ್ಲ

2018ರ ಆಗಸ್ಟಿನಲ್ಲಿ ನಮ್ಮ ಮನೆಯ ಅಟ್ಟದಲ್ಲಿ ಒಂದೇ ಒಂದು ಸೌತೆಕಾಯಿ ಇರಲಿಲ್ಲ. ಬಿದಿರಿನ ಗಳುವಿನಲ್ಲಿ ಬಾಳೆಬಳ್ಳಿಯ ಖಾಲಿ ಕುಣಿಕೆಗಳು ಮಾತ್ರ ನೇತಾಡುತ್ತಿದ್ದವು. ಆ ಮಳೆ ಎಲ್ಲರಿಗೂ ನೆನಪಿರಬಹುದು. ಸಂಪಾಜೆ ಘಾಟಿ, ಶಿರಾಡಿ ಘಾಟಿ ಎರಡೂ ಕುಸಿದು ರಸ್ತೆ ಬಂದ್. ನಮ್ಮ ಪೇಟೆಗೆ ತರಕಾರಿ ಬರುವುದೇ ಘಟ್ಟದ ಮೇಲಿನಿಂದ. ಅಂಗಡಿಯವರು ಬೀನ್ಸಿಗೆ ಹೇಳಿದ ಕ್ರಯ ಕೇಳಿ ನಾನು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ವಾಪಸು ಬಂದೆ. ಒಂದೂವರೆ ಎಕ್ರೆ ಅಡಿಕೆ ತೋಟ, ಅರ್ಧ ಎಕ್ರೆ ಗದ್ದೆ ಇರುವ ಕೃಷಿಕ ತರಕಾರಿಗೆ ಪೇಟೆಯ ಬಾಯಿ ನೋಡಿದ ಸಂಗತಿ ಇದು. ತಪ್ಪು ಮಳೆಯದ್ದಲ್ಲ, ನನ್ನದೇ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸೌತೆಯ ವಿಷಯ. ನಾನು ಹೇಳುವುದು ಹಸಿಯಾಗಿ ತಿನ್ನುವ ಮುಳ್ಳುಸೌತೆಯಲ್ಲ. ಹಣ್ಣಾದಾಗ ಹಳದಿ ಮೈಯ ಮೇಲೆ ಹಸುರು ಪಟ್ಟೆ ಇರುವ, ಹೊರಗಿನವರು ಮಂಗಳೂರು ಸೌತೆ ಎನ್ನುವ, ತುಳುವಿನ ತೆಕ್ಕರೆ. ವಿಷುವಿಗೆ ಕಣಿ ಇಡುವಾಗ ಹರಿವಾಣದಲ್ಲಿ ಕೂರುವುದು ಇದೇ.

ನಮ್ಮ ಕಡೆ ಸುಗ್ಗಿ ಬೆಳೆ ಕೊಯ್ದ ಮೇಲೆ ಗದ್ದೆಯಲ್ಲಿ ತರಕಾರಿ ಮಾಡುವುದು ಹಿಂದಿನಿಂದ ಬಂದ ಕ್ರಮ. ಕೊಳಕೆ ಬೇಸಾಯಕ್ಕೆ ನೀರು ಸಾಲದ ಗದ್ದೆ ಇದಕ್ಕೆ ಸಾಕು. ಜನವರಿ ಮಧ್ಯದೊಳಗೆ ಬೀಜ ಹಾಕಿದರೆ ಒಳ್ಳೆಯದು. ತಡವಾದರೆ ಬೆಳೆಯುವ ಹೊತ್ತಿಗೆ ಬೇಸಗೆಯ ಅಡ್ಡಮಳೆ ಸಿಕ್ಕಿ ಕಾಯಿ ನೀರು ಕುಡಿಯುತ್ತದೆ. ಅಂತಹದು ಅಟ್ಟಕ್ಕೆ ಆಗುವುದಿಲ್ಲ.

ನಾನು 60 ಗುಳಿ ಮಾಡುತ್ತೇನೆ. ಆರಡಿ ಸಾಲು, ಐದಡಿ ಅಂತರ. ಒಂದು ಮೊಳ ಅಗಲ, ಗೇಣು ಆಳ ಸಾಕು. ಗುಳಿಗೊಂದು ಬುಟ್ಟಿ ಸುಡುಮಣ್ಣು, ಅರ್ಧ ಬುಟ್ಟಿ ಹುಡಿಯಾದ ಹಟ್ಟಿಗೊಬ್ಬರ. ಬೀಜವನ್ನು ರಾತ್ರಿ ನೀರಲ್ಲಿ ಹಾಕಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಕಂಡ ಮೇಲೆ ಗುಳಿಗೆ ನಾಲ್ಕರಂತೆ ಊರುತ್ತೇನೆ. ನಾಲ್ಕೆಲೆ ಬಂದಾಗ ಚೆನ್ನಾಗಿರುವ ಎರಡನ್ನು ಉಳಿಸಿ ಉಳಿದದ್ದನ್ನು ಕೀಳಬೇಕು. ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳಬೇಕು. ಎಳೆ ಎಲೆಗೆ ಕೆಂಪು ದುಂಬಿ ಬರುತ್ತದೆ. ಬೆಳಗ್ಗೆ ಇಬ್ಬನಿ ಇರುವಾಗಲೇ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿದರೆ ಬಹುಪಾಲು ನಿಲ್ಲುತ್ತದೆ. ಬಳ್ಳಿ ಹರಿಯುವ ಮೊದಲು ಅಡರು, ಬೈಹುಲ್ಲು ಹಾಸಿಬಿಡಬೇಕು. ಮೊದಮೊದಲು ದಿನಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಕೊಡಪಾನದಲ್ಲಿ ನೀರು.

ಸೌತೆಗೆ ನಿಜವಾದ ವೈರಿ ಹಣ್ಣುನೊಣ. ಎಳೆಗಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳವಾಗಿ ಕಾಯಿ ಡೊಂಕಾಗಿ ಕೊಳೆಯುತ್ತದೆ. ಇಲ್ಲಿ ಬಹಳ ಮಂದಿ ಎಡವುವುದುಂಟು, ನಾನೂ ಎರಡು ವರ್ಷ ಎಡವಿದೆ. ಮಾವಿನ ತೋಟಕ್ಕೆಂದು ಮಾರುವ ಮಿಥೈಲ್ ಯುಜಿನಾಲ್ ಬಲೆಯನ್ನು ತಂದು ಸೌತೆ ಗದ್ದೆಯಲ್ಲಿ ನೇತುಹಾಕಿದೆ. ಬಲೆ ತುಂಬ ನೊಣ ಬಿತ್ತು, ನನಗೆ ಭಾರೀ ಖುಷಿ. ಕಾಯಿ ಮಾತ್ರ ಹಿಂದಿನಂತೆಯೇ ಕೊಳೆಯಿತು! ಮಾವಿನ ನೊಣ ಬೇರೆ, ಸೌತೆ-ಹಾಗಲದ ನೊಣ ಬೇರೆ. ಇದಕ್ಕೆ ಕ್ಯೂ-ಲೂರ್ ಎಂಬ ಬೇರೆಯೇ ಔಷಧಿಯ ಬಲೆ ಬೇಕು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿ. ಅದಕ್ಕೆ ಬೀಳುವುದೂ ಗಂಡು ನೊಣ ಮಾತ್ರ, ಆದ್ದರಿಂದ ಬಲೆ ಕಟ್ಟಿ ಕೈಕಟ್ಟಿ ಕೂತರೆ ಆಗದು. ಹೂ ಬಿಡುವಾಗಲೇ ಕಟ್ಟಬೇಕು, ಚುಚ್ಚಿದ ಕಾಯಿಗಳನ್ನು ದಿನಾ ಹೆಕ್ಕಿ ನೀರಿನ ಬಾಲ್ದಿಯಲ್ಲಿ ಮುಳುಗಿಸಬೇಕು. ಗದ್ದೆ ಬದುವಿನಲ್ಲಿ ಎಸೆದರೆ ನೊಣ ಸಾಕಿದಂತೆಯೇ ಲೆಕ್ಕ. ಒಳ್ಳೆಯ ಎಳೆಗಾಯಿಗಳನ್ನು ನನ್ನ ಮನೆಯವಳು ಹಳೇ ಪೇಪರಿನಲ್ಲಿ ಸುತ್ತಿ, ಅಡಿಗೆ ಅಡಿಕೆ ಹಾಳೆಯ ತುಂಡು ಇಡುತ್ತಾಳೆ. ನೆಲದ ತೇವ ತಾಗದ ಕಾಯಿಗೆ ಅಡಿ ಕೊಳೆಯುವುದಿಲ್ಲ.

ಬೀಜ ಹಾಕಿ ಎರಡೂವರೆ ತಿಂಗಳ ಹೊತ್ತಿಗೆ ಕಾಯಿ ಬಣ್ಣ ತಿರುಗುತ್ತದೆ. ಅಟ್ಟಕ್ಕೆ ಬೇಕಾದ್ದಾದರೆ ಕೊಯ್ಯುವ ಹತ್ತು ದಿನ ಮೊದಲೇ ನೀರು ನಿಲ್ಲಿಸಬೇಕು. ಯೂರಿಯಾ ಕೊಟ್ಟು ಉಬ್ಬಿಸಿದ ಕಾಯಿ ತಕ್ಕಡಿಗೆ ಚೆಂದ, ಅಟ್ಟಕ್ಕಲ್ಲ. ತೊಟ್ಟು ಎರಡು ಬೆರಳಿನಷ್ಟು ಉಳಿಸಿ ಕತ್ತಿಯಲ್ಲಿ ಕೊಯ್ದು, ಮಗುವನ್ನು ಎತ್ತಿದ ಹಾಗೆ ತರಬೇಕು. ಬಿದ್ದದ್ದು, ಗೀರಿದ್ದು, ತೊಟ್ಟು ಕಳಚಿದ್ದು ಮೊದಲು ಅಡುಗೆಗೆ. ಉಳಿದದ್ದನ್ನು ಒರಸಿ, ಎರಡು ದಿನ ನೆರಳಲ್ಲಿ ಹರಡಿ, ಒಣ ಬಾಳೆಬಳ್ಳಿಯಲ್ಲಿ ನಡುವಿಗೊಂದು ಅಡಿಗೊಂದು ಸುತ್ತು ಹಾಕಿ ಗಳುವಿಗೆ ಕಟ್ಟುವುದು. ಒಂದಕ್ಕೊಂದು ತಾಗಬಾರದು. ಪ್ಲಾಸ್ಟಿಕ್ ಹಗ್ಗ ಬೇಡ, ಬೆವರಿದಲ್ಲಿ ಕೊರೆದು ಗಾಯ ಮಾಡುತ್ತದೆ. ಅಡುಗೆ ಒಲೆಯ ಹೊಗೆ ಹಾಯುವ ಅಟ್ಟವಾದರೆ ಬಹಳ ಒಳ್ಳೆಯದು. ನಮ್ಮಲ್ಲಿ ಈಗ ಗ್ಯಾಸು, ಆದರೆ ಬಚ್ಚಲೊಲೆಯ ಹೊಗೆ ಹೋಗುವ ಕಡೆ ಎರಡು ಗಳು ಹೊಸತಾಗಿ ಕಟ್ಟಿದ್ದೇನೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಬೇಕು. ಅಡಿ ಮೆತ್ತಗಾದ್ದನ್ನು ಅಂದೇ ಇಳಿಸಿ. ಇಲ್ಲವಾದರೆ ಅದು ಕೆಳಗೆ ಹೋಗುವವರ ತಲೆಗೆ ಇಳಿಯುತ್ತದೆ. ಆ ವಾಸನೆ ಎರಡು ಸ್ನಾನಕ್ಕೂ ಹೋಗದು.

ಇನ್ನು ನನ್ನ ತಪ್ಪು. 2017ರ ಜನವರಿಯಲ್ಲಿ ಸೌತೆ ಸಾಲಿನ ಪಕ್ಕದಲ್ಲೇ ಹತ್ತು ಗುಳಿ ಇಬ್ಬುಡ್ಲ ಹಾಕಿದೆ. ಬೇಸಗೆಯಲ್ಲಿ ಬೆಲ್ಲ, ಕಾಯಿಹಾಲು ಹಾಕಿದ ಇಬ್ಬುಡ್ಲದ ರಸಾಯನ ಮಕ್ಕಳಿಗೆ ಇಷ್ಟ. ಅಮ್ಮ ಆಗಲೇ ಹೇಳಿದ್ದರು: "ಮಗಾ, ಇಬ್ಬುಡ್ಲವನ್ನು ಅಲ್ಲಿ ಹಾಕಬೇಡ, ಸೌತೆ ಬೀಜ ಕೆಡ್ತದೆ." ನಾನು ನಕ್ಕೆ. ಮುಳ್ಳುಸೌತೆ ಎಷ್ಟೋ ವರ್ಷದಿಂದ ಪಕ್ಕದಲ್ಲೇ ಇದೆ, ಏನೂ ಆಗಲಿಲ್ಲವಲ್ಲ ಎಂದೆ. ಆ ವರ್ಷದ ಸೌತೆ ಎಂದಿನಂತೆಯೇ ಬಂತು, ವಿಷು ಕಣಿಗೂ ಕೂತಿತು. ನಾನು ಗೆದ್ದೆ ಎಂದುಕೊಂಡೆ. ಇಬ್ಬುಡ್ಲದ ಬದಿಯಲ್ಲೇ ಇದ್ದ ಒಂದು ದೊಡ್ಡ ಕಾಯಿಯಿಂದ ಮುಂದಿನ ವರ್ಷದ ಬೀಜ ತೆಗೆದೆ. ಹಳೇ ಬೀಜ ಸ್ವಲ್ಪ ಉಳಿದಿತ್ತು, ಅದನ್ನು ನೆರೆಯವರಿಗೆ ಕೊಟ್ಟುಬಿಟ್ಟೆ.

2018ರಲ್ಲಿ ಅದೇ ಬೀಜ ಹಾಕಿದೆ. ಬಳ್ಳಿ ಸೊಗಸಾಗಿತ್ತು. ಕಾಯಿ ಬಲಿಯುವಾಗ ಕೆಲವಕ್ಕೆ ಪಟ್ಟೆಯೇ ಇಲ್ಲ, ಕೆಲವು ಗದ್ದೆಯಲ್ಲೇ ಇಬ್ಬುಡ್ಲದ ಹಾಗೆ ಬಿರಿದವು. ಆದರೂ ನೋಡಲು ಚೆನ್ನಾಗಿದ್ದ 90ನ್ನು ಕಟ್ಟಿದೆ. ಜೂನ್ ಅರ್ಧ ಆಗುವಾಗ 60 ಹೋಗಿತ್ತು. ಉಳಿದದ್ದು ಜುಲೈಗೆ ಮುಗಿಯಿತು. ಆಗಸ್ಟಿನಲ್ಲಿ ಘಾಟಿ ಕುಸಿಯಿತು.

ಕಾರಣ ಆಮೇಲೆ ತಿಳಿಯಿತು. ಸೌತೆಯೂ ಇಬ್ಬುಡ್ಲವೂ ಹೊರಗೆ ಬೇರೆ ಕಂಡರೂ ಒಂದೇ ಜಾತಿ, ಕುಕುಮಿಸ್ ಮೆಲೊ. ಪೇಟೆಯಲ್ಲಿ ಸಿಗುವ ಕರಬೂಜವೂ ಅದೇ. ಮುಳ್ಳುಸೌತೆ ಕುಕುಮಿಸ್ ಸಟೈವಸ್, ಬೇರೆ ಜಾತಿ. ಜೇನ್ನೊಣ ಇಬ್ಬುಡ್ಲದ ಪರಾಗ ತಂದು ಸೌತೆ ಹೂವಿಗೆ ಹಾಕಿದರೆ ಕೂಡುತ್ತದೆ, ಮುಳ್ಳುಸೌತೆಯದ್ದು ಕೂಡುವುದಿಲ್ಲ. ಕೂಡಿದರೂ ಆ ವರ್ಷದ ಕಾಯಿ ತಾಯಿಬಳ್ಳಿಯ ಹಾಗೇ ಇರುತ್ತದೆ, ಬೆರಕೆ ಇರುವುದು ಒಳಗಿನ ಬೀಜದಲ್ಲಿ. ಮರುವರ್ಷ ಬಿತ್ತಿದಾಗಲೇ ಬಣ್ಣ ಬಯಲಾಗುವುದು. ಶಾಲೆಯಲ್ಲಿ ಓದಿದ ನನಗಿಂತ ಅಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು.

2019ಕ್ಕೆ ಬೀಜಕ್ಕೆ ಅಲೆದಾಡಿದೆ. ನಾನೇ ಕೊಟ್ಟಿದ್ದ ನೆರೆಯವರು ಆ ವರ್ಷ ಗದ್ದೆಗೆ ಅಡಿಕೆ ಸಸಿ ಇಟ್ಟಾಗಿತ್ತು. ಕೊನೆಗೆ ಸಿಕ್ಕಿದ್ದು ಅಕ್ಕನ ಮನೆಯಲ್ಲಿ. ಮದುವೆಯಾಗಿ ಹೋಗುವಾಗ ಅಮ್ಮ ಕೊಟ್ಟಿದ್ದ ಬೀಜವನ್ನೇ ಅವಳು ವರ್ಷವೂ ಹಾಕುತ್ತಾ ಬಂದಿದ್ದಳು. ಭಾವ ಬೂದಿಯ ಭರಣಿ ತೆರೆದು ಒಂದು ಮುಷ್ಟಿ ಕೊಟ್ಟು, "ಇನ್ನಾದರೂ ಜಾಗ್ರತೆ ಮಾಡು ಮಾರಾಯ" ಎಂದರು.

ಈಗ ನನ್ನ ಕ್ರಮ ಇಷ್ಟು. ಇಬ್ಬುಡ್ಲ ಹಾಕುವುದೇ ಆದರೆ, ಸೌತೆಯಲ್ಲಿ ಬೀಜಕ್ಕೆಂದು ನಾಲ್ಕು ಹೂವನ್ನು ಬೇರೆ ಮಾಡುತ್ತೇನೆ. ಮರುದಿನ ಅರಳುವ ಹೆಣ್ಣು ಮೊಗ್ಗು (ಹಿಂದೆ ಪುಟ್ಟ ಕಾಯಿ ಇರುತ್ತದೆ), ಗಂಡು ಮೊಗ್ಗು ಎರಡಕ್ಕೂ ಸಂಜೆಯೇ ನೂಲು ಕಟ್ಟಿ, ಬೆಳಗ್ಗೆ ಬಿಚ್ಚಿ, ಗಂಡನ್ನು ಹೆಣ್ಣಿಗೆ ಒರಸಿ ಮತ್ತೆ ಕಟ್ಟುವುದು. ಎಲ್ಲವೂ ಕಾಯಿ ಕಚ್ಚುವುದಿಲ್ಲ, ಒಂದು ಕಚ್ಚಿದರೂ ಸಾಕು. ಗುರುತಿಗೆ ತೊಟ್ಟಿಗೆ ಕೆಂಪು ಬಟ್ಟೆ. ಆ ಕಾಯಿಯನ್ನು ಬೇಗ ಒಡೆಯುವುದಿಲ್ಲ. ಅಟ್ಟದಲ್ಲಿ ನವರಾತ್ರಿವರೆಗೆ ಉಳಿದರೆ ಮಾತ್ರ ಅದರ ಬೀಜ. ಬೇಗ ಕೊಳೆಯುವ ಕಾಯಿಯ ಸಂತಾನ ನಮಗೇಕೆ? ಬೀಜವನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬೂದಿಯಲ್ಲಿ ಬೆರೆಸಿ ಭರಣಿಯಲ್ಲಿಡುತ್ತೇನೆ. ಅಮ್ಮ ಸೆಗಣಿಯಲ್ಲಿ ಬೆರೆಸಿ ಗೋಡೆಗೆ ತಟ್ಟುತ್ತಿದ್ದರು, ಅದೂ ಒಳ್ಳೆಯದೇ. ಒಂದು ವರ್ಷದ ಹಳೇ ಬೀಜ ಯಾವಾಗಲೂ ಬೇರೆ ಭರಣಿಯಲ್ಲಿ ಇರುತ್ತದೆ.

ಅಡುಗೆಯ ವಿಚಾರ ಮನೆಯವಳನ್ನು ಕೇಳಿ ಬರೆದದ್ದು. ಕೊರೆಯುವ ಮೊದಲು ತೊಟ್ಟಿನ ಕಡೆಯ ಚೂರನ್ನು ನಾಲಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಪೂರ್ತಿ ಬಿಸಾಡಿ. ಬೇಯಿಸಿದರೆ ಕಹಿ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ಆಟಿಯಲ್ಲಿ ನಮ್ಮಲ್ಲಿ ಹೆಚ್ಚು ಆಗುವುದು ಸೌತೆ-ಹಲಸಿನಬೀಜದ ಹುಳಿ. ಬೀಜ ಜಜ್ಜಿ ಸಿಪ್ಪೆ ತೆಗೆದು ಮೊದಲು ಬೇಯಿಸಬೇಕು, ಅದು ನಿಧಾನ. ಅರ್ಧ ಬೆಂದಾಗ ಸಿಪ್ಪೆ ಸಮೇತ ದೊಡ್ಡ ತುಂಡು ಮಾಡಿದ ಸೌತೆ, ಅರಸಿನ, ಉಪ್ಪು, ಬೆಲ್ಲ. ಹುಣಿಸೆಹುಳಿ ಕಡಿಮೆ ಸಾಕು, ಹಳತಾದ ಸೌತೆಗೆ ತನ್ನದೇ ಹುಳಿ ಉಂಟು. ಕೊತ್ತಂಬರಿ, ಉದ್ದಿನಬೇಳೆ, ಜೀರಿಗೆ, ನಾಲ್ಕು ಕಾಳು ಮೆಂತೆ, ಒಣಮೆಣಸು ಹುರಿದು ತೆಂಗಿನಕಾಯಿ ಜತೆ ಅರೆದು ಹಾಕಿ ಕುದಿಸಿದರೆ ಆಯಿತು. ತೆಂಗಿನೆಣ್ಣೆಯ ಒಗ್ಗರಣೆ.

ದೋಸೆಗೆ ಎರಡು ಕುಡ್ತೆ ಬೆಳ್ತಿಗೆ ಅಕ್ಕಿ ನೆನೆಹಾಕಿ, ಮೂರು ಕುಡ್ತೆ ತುರಿದ ಸೌತೆ ಜತೆ ಅರೆಯುವುದು. ನೀರು ಬೇಡ, ಹುಳಿ ಬರಿಸುವುದೂ ಬೇಡ. ಕಾವಲಿ ಚೆನ್ನಾಗಿ ಕಾಯಬೇಕು, ಇಲ್ಲವಾದರೆ ಏಳುವುದಿಲ್ಲ. ಸಿಪ್ಪೆ ಉಳಿದರೆ ಚಟ್ನಿ. ತಿರುಳನ್ನು ಹಿಂಡಿದ ನೀರಿಗೆ ಹಸಿಮೆಣಸು, ಉಪ್ಪು ಹಾಕಿ ಕುದಿಸಿದರೆ ಸಾರು. ಹಟ್ಟಿಗೆ ಹೋಗುವುದು ಬರಿ ಚರಟ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನಮ್ಮ ಗದ್ದೆಯಲ್ಲಿ ಅಕ್ಕನ ಬೀಜದ ಸೌತೆ ಬಣ್ಣ ತಿರುಗುತ್ತಿತ್ತು. ಪೇಟೆಗೆ ಹೋಗಲಾರದ ನಾಲ್ಕು ಮನೆಗೆ ಅಡಿಕೆ ಹಾಳೆಯಲ್ಲಿಟ್ಟು ಹಂಚಿದೆವು. ಅಟ್ಟಕ್ಕೆ ಸ್ವಲ್ಪ ಕಡಿಮೆಯಾಯಿತು. ಈ ವರ್ಷ 110 ಕಟ್ಟಿದ್ದೇವೆ. ಆಟಿಯ ಅಮಾವಾಸ್ಯೆಗೆ ಎಣಿಸಿದಾಗ ಕೊಳೆತದ್ದು 14, ತಿಂದದ್ದು 55. ಕೆಂಪು ಬಟ್ಟೆಯದ್ದು ಇನ್ನೂ ಗಟ್ಟಿಯಾಗಿಯೇ ಇದೆ.